ಉಪಮಾನ ಯಾರು? ವಯಸ್ಸಾದವರ ಉಸಿರಿನ ಪರೀಕ್ಷೆಯನ್ನು ವಯನಾಡಿನಿಂದ ಓದುವುದು

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಚರ್ಚೆಯ ಆಯ್ದ ಭಾಗವನ್ನು ಕೊನೆಯಲ್ಲಿ ಕೊಟ್ಟಿದೆ.)

ಸಾರಾಂಶ: ವಯಸ್ಸಾದವರಲ್ಲಿ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯನ್ನು, ಅಂದರೆ ಸಿಒಪಿಡಿಯನ್ನು, ಗುರುತಿಸುವ ಕೆಲಸದಲ್ಲಿ ಮೂರು ಪಠ್ಯಗಳು ಕೂಡಿ ಕೆಲಸ ಮಾಡುತ್ತವೆ: ಏದುಸಿರಿನ ಪ್ರಶ್ನಾವಳಿ, ಸ್ಪೈರೊಮೆಟ್ರಿ ಮಾಡಿಸುವಾಗ ಕೊಡುವ ಸೂಚನೆ, ಯಂತ್ರ ಮುದ್ರಿಸುವ ವರದಿ. ಈ ಮೂರರ ರಚನೆಯಲ್ಲೂ ಒಂದು ಉಪಮೆ ಅಡಗಿದೆ. ರೋಗಿಯ ಉಸಿರು ಉಪಮೇಯವಾದರೆ, ಅದನ್ನು ಯಾರ ಉಸಿರಿನ ಜೊತೆ ಹೋಲಿಸಲಾಗುತ್ತಿದೆ ಎಂಬ ಪ್ರಶ್ನೆಯನ್ನು ಈ ಪ್ರಬಂಧ ಕೇಳುತ್ತದೆ. ಕನ್ನಡ ಮತ್ತು ಕನ್ನಡಕ್ಕೆ ಹತ್ತಿರದ ನುಡಿಗಳನ್ನಾಡುವ ವಯನಾಡಿನ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಓದು ನಡೆದಿದೆ.

ಪ್ರಮುಖ ಪದಗಳು: ಉಬ್ಬಸ, ಉಪಮೆ, ಸ್ಪೈರೊಮೆಟ್ರಿ, ಮುಪ್ಪು, ಗಡಿನಾಡ ಕನ್ನಡ, ವಯನಾಡು

1. ಪೀಠಿಕೆ

ಶೀರ್ಷಿಕೆ ನೋಡಿ ಚಾಟ್‌ನಲ್ಲಿ ಆಗಲೇ ಒಬ್ಬರು 'ಇದು ಮೆಡಿಕಲ್ ಕಾಲೇಜಿನ ಸೆಮಿನಾರಾ?' ಅಂತ ಕೇಳಿದ್ದಾರೆ. ಅಲ್ಲ. ನಾನು ವೈದ್ಯಳಲ್ಲ, ಯಾರಿಗೂ ಔಷಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಬ್ಬ ಮುದುಕಿಗೆ ಶ್ವಾಸಕೋಶದ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನ ಆಗೋ ಹೊತ್ತಿಗೆ ಬಹಳಷ್ಟು ಮಾತು, ವಾಕ್ಯ, ಪದ ಬಳಕೆಯಾಗಿರುತ್ತೆ. ಆ ಮಾತುಗಳನ್ನ ಓದೋದು ನಮ್ಮ ಕೆಲಸ ಅಂತ ನಾನು ತಿಳಿದಿದ್ದೇನೆ.

ಕಾಯಿಲೆ ಮತ್ತು ಭಾಷೆಯ ಬಗ್ಗೆ ಮಾತಾಡುವಾಗ ನಾವೆಲ್ಲ ಸೂಸನ್ ಸೊಂಟಾಗ್ 1978ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ಹೋಗ್ತೀವಿ. ಕ್ಷಯ ಮತ್ತು ಕ್ಯಾನ್ಸರ್ ಸುತ್ತ ಬೆಳೆದ ರೂಪಕಗಳು ರೋಗಿಯನ್ನ ಹೇಗೆ ಇನ್ನಷ್ಟು ಹಣ್ಣು ಮಾಡ್ತವೆ ಅನ್ನೋದು ಅಲ್ಲಿನ ವಾದ. ಸಿಒಪಿಡಿಯ ಕಷ್ಟ ಬೇರೆ ಥರದ್ದು. ಕ್ಷಯಕ್ಕೆ ಕಥೆಗಳಿವೆ, ಸಿನಿಮಾಗಳಿವೆ, ಕೆಮ್ಮಿದಾಗ ಕರವಸ್ತ್ರದ ಮೇಲೆ ಕಾಣುವ ರಕ್ತವಿದೆ. ಸಿಒಪಿಡಿಗೆ ಅಂಥ ಒಂದು ದೃಶ್ಯ ಇಲ್ಲ. ಹತ್ತಿಪ್ಪತ್ತು ವರ್ಷ ತೆಗೆದುಕೊಂಡು, ಸದ್ದಿಲ್ಲದೆ ಬರುತ್ತೆ. ಬರುವಷ್ಟರಲ್ಲಿ ಮನುಷ್ಯರಿಗೆ ವಯಸ್ಸೂ ಆಗಿರುತ್ತೆ. ಹೀಗಾಗಿ ಇದಕ್ಕೆ ಸಿಕ್ಕಿರುವ ಒಂದೇ ಒಂದು ಕಥೆ 'ವಯಸ್ಸಾಯ್ತಲ್ಲ' ಅನ್ನೋದು.

ಇದು ಸಣ್ಣ ವಿಷಯವಲ್ಲ. 2016ರ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಸಿಒಪಿಡಿ ಇತ್ತು. ಬೀಡಿ ಸಿಗರೇಟಿನ ಜೊತೆಗೆ ಸೌದೆ ಒಲೆಯ ಹೊಗೆಯೂ ಇದಕ್ಕೆ ಕಾರಣ. ಜೀವನದಲ್ಲಿ ಒಂದು ಬೀಡಿಯನ್ನೂ ಸೇದದವರಿಗೂ ಈ ಕಾಯಿಲೆ ಬರುತ್ತೆ ಅನ್ನೋದನ್ನ ಸಂದೀಪ್ ಸಾಲ್ವಿ ಮತ್ತು ಪೀಟರ್ ಬಾರ್ನ್ಸ್ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವಿವರವಾಗಿ ಬರೆದರು. 'ಸೇದೋರಿಗೆ ಬರೋ ಕಾಯಿಲೆ' ಅನ್ನೋ ಕಥೆಯೊಳಗೆ ಒಲೆ ಮುಂದಿನ ಹೆಂಗಸಿಗೆ ಜಾಗ ಇರಲಿಲ್ಲ.

2. ನೆಲ ಮತ್ತು ನುಡಿ

ವಯನಾಡನ್ನೇ ಯಾಕೆ ಆರಿಸಿಕೊಂಡೆ? ಒಂದು ಕಾರಣ ನೆಲ. ಸಮುದ್ರ ಮಟ್ಟದಿಂದ ಸುಮಾರು 700 ಮೀಟರಿನಿಂದ 2,100 ಮೀಟರಿನವರೆಗೆ ಏರಿಳಿಯುವ ಜಿಲ್ಲೆ ಅದು. 'ವಯಲ್ ನಾಡು', ಅಂದರೆ ಗದ್ದೆಗಳ ನಾಡು, ಅನ್ನೋದು ಹೆಸರಿಗೆ ಕೊಡುವ ಒಂದು ವಿವರಣೆ. ಗದ್ದೆ ತಗ್ಗಿನಲ್ಲಿ, ಮನೆ ದಿಬ್ಬದ ಮೇಲೆ. ಈ ಎತ್ತರ ತಗ್ಗು ಮುಂದೆ ನಮ್ಮ ಓದಿಗೆ ಬೇಕಾಗುತ್ತೆ.

ಇನ್ನೊಂದು ಕಾರಣ ನುಡಿ. ಮುತ್ತಂಗ ದಾಟಿದರೆ ಗುಂಡ್ಲುಪೇಟೆ, ಬಾವಲಿ ದಾಟಿದರೆ ಎಚ್.ಡಿ. ಕೋಟೆ, ತೋಲ್ಪೆಟ್ಟಿ ದಾಟಿದರೆ ಕುಟ್ಟ. ಬತ್ತೇರಿಯ ಹಳೆಯ ಬಸದಿ, ಕಲ್ಪೆಟ್ಟ ಮಾನಂದವಾಡಿ ಕಡೆಯ ಜೈನ ಮನೆತನಗಳು ಕನ್ನಡದ ಹಳೆ ನಂಟನ್ನ ಹೇಳ್ತವೆ. ಕಾಟ್ಟುನಾಯಕರ ಮಾತು ಕನ್ನಡಕ್ಕೆ ಬಹಳ ಹತ್ತಿರದ್ದು. ಗಡಿಯ ಈಚೆಗಿರುವ ಜೇನುಕುರುಬರ ಮಾತಿಗೂ ಅದಕ್ಕೂ ಸಂಬಂಧ ಇದೆ. 2011ರ ಜನಗಣತಿ ಪ್ರಕಾರ ಜಿಲ್ಲೆಯ 8,17,420 ಜನರಲ್ಲಿ ಶೇ 18ಕ್ಕೂ ಹೆಚ್ಚು ಪರಿಶಿಷ್ಟ ಪಂಗಡದವರು. ಆಸ್ಪತ್ರೆಯ ಮಾತು ಮಲಯಾಳಂ, ಕಾಗದದ ಮಾತು ಇಂಗ್ಲಿಷ್, ಮನೆಯ ಮಾತು ಬೇರೆ.

ಉಸಿರಿನ ವಿಷಯದಲ್ಲಿ ಈ ಮೂರು ಮಾತು ಸಲೀಸಾಗಿ ಒಂದರೊಳಗೊಂದು ಕೂರೋದಿಲ್ಲ. ಮಲಯಾಳಂನಲ್ಲಿ 'ಶ್ವಾಸಂಮುಟ್ಟಲ್' ಅಂದರೆ ಉಸಿರು ಕಟ್ಟೋದು. ಕನ್ನಡದ ಕಿವಿಗೆ 'ಮುಟ್ಟು' ಅಂದರೆ ತಾಕು, ತಲುಪು. 'ವಲಿವ್' ಅಂದರೆ ಅಲ್ಲಿ ಉಬ್ಬಸ. 'ವಲಿ' ಅನ್ನೋದು ಎಳೆತ, ಬೀಡಿ ಎಳೆಯೋದಕ್ಕೂ ಅದೇ ಪದ. ನಮ್ಮಲ್ಲಿ 'ದಮ್ಮು' ಹೀಗೇ ಆಡುತ್ತೆ. ದಮ್ಮು ಅಂದರೆ ಕಾಯಿಲೆ, ದಮ್ ಎಳೆಯೋದು ಅಂದರೆ ಸೇದೋದು, 'ದಮ್ ಇದ್ರೆ ಬಾ' ಅಂದರೆ ತಾಕತ್ತು. ಒಂದೇ ಪದದೊಳಗೆ ಕಾಯಿಲೆಯೂ ಇದೆ, ಕಾರಣವೂ ಇದೆ, ಕಳೆದುಹೋದ ಶಕ್ತಿಯೂ ಇದೆ. 'ಉಬ್ಬಸ'ಕ್ಕೆ ಹಳೆಯ ಕಾವ್ಯಗಳಲ್ಲಿ ಶ್ರಮ, ಸಂಕಟ ಅನ್ನೋ ಅರ್ಥ ಇತ್ತು. ಆಮೇಲೆ ಅದು ರೋಗದ ಹೆಸರಾಗಿ ಕಿರಿದಾಯ್ತು. ಈಗಲೂ ಒಬ್ಬ ಅಜ್ಜಿ 'ಉಬ್ಬಸ ಇಲ್ಲ ಮಗ, ಸುಸ್ತು ಅಷ್ಟೇ' ಅಂದರೆ, ಅವಳ ಮಟ್ಟಿಗೆ ಉಬ್ಬಸ ಅಂದರೆ ರಾತ್ರಿ ಎದ್ದು ಕೂತು ಗೊರಗೊರ ಅನ್ನೋ ಅಸ್ತಮಾ. ಹತ್ತು ಹೆಜ್ಜೆಗೆ ನಿಲ್ಲುವುದು ಉಬ್ಬಸ ಅಲ್ಲ, ಸುಸ್ತು. ಅವಳು ಸುಳ್ಳು ಹೇಳ್ತಿಲ್ಲ. ಕೇಳಿದವರ ಪದಕೋಶ ಬೇರೆ.

3. ಮೊದಲ ಪಠ್ಯ: ಪ್ರಶ್ನಾವಳಿ

ಏದುಸಿರನ್ನ ಅಳೆಯಲು ಪ್ರಪಂಚದಲ್ಲಿ ತುಂಬಾ ಬಳಕೆಯಲ್ಲಿರೋದು ಎಂಎಂಆರ್‌ಸಿ ಅನ್ನುವ ಐದು ಮೆಟ್ಟಿಲಿನ ಮಾಪಕ. ಅದರ ಮೂಲ 1950ರ ದಶಕದ ಬ್ರಿಟನ್. ವೇಲ್ಸ್‌ನ ಗಣಿ ಕಾರ್ಮಿಕರ ಶ್ವಾಸಕೋಶವನ್ನ ಅಧ್ಯಯನ ಮಾಡಿದ ಚಾರ್ಲ್ಸ್ ಫ್ಲೆಚರ್ ಮತ್ತು ಸಂಗಡಿಗರು ಇದನ್ನ ರೂಪಿಸಿದರು. ಮೆಟ್ಟಿಲುಗಳನ್ನ ನನ್ನ ಮಾತಲ್ಲಿ ಹೇಳ್ತೀನಿ. ಸೊನ್ನೆ: ಬಹಳ ಶ್ರಮದ ಕೆಲಸಕ್ಕೆ ಮಾತ್ರ ಏದುಸಿರು. ಒಂದು: ಸಮತಟ್ಟಿನಲ್ಲಿ ಬಿರಬಿರನೆ ನಡೆದರೆ, ಅಥವಾ ಸಣ್ಣ ಏರು ಹತ್ತಿದರೆ. ಎರಡು: ಸಮತಟ್ಟಿನಲ್ಲಿ ತನ್ನ ವಯಸ್ಸಿನವರಿಗಿಂತ ನಿಧಾನ, ಅಥವಾ ತನ್ನದೇ ನಡಿಗೆಯಲ್ಲೂ ನಿಲ್ಲಬೇಕು. ಮೂರು: ಸಮತಟ್ಟಿನಲ್ಲಿ 100 ಮೀಟರಿಗೆ ಅಥವಾ ಕೆಲವು ನಿಮಿಷಕ್ಕೆ ನಿಲ್ಲಬೇಕು. ನಾಲ್ಕು: ಮನೆ ಬಿಟ್ಟು ಹೊರಡಲಾಗದು, ಬಟ್ಟೆ ಉಡುವಾಗಲೂ ಏದುಸಿರು.

ಇದನ್ನ ಒಂದು ಕಥನವಾಗಿ ಓದಿ. ಇದಕ್ಕೊಂದು ನೆಲ ಇದೆ: ಸಮತಟ್ಟು. ಒಬ್ಬ ನಾಯಕ ಇದ್ದಾನೆ: ಹೊರಗೆ ನಡೆದುಹೋಗುವವನು. ಅವನ ಪಕ್ಕದಲ್ಲಿ ನಡೆಯುವವರಿದ್ದಾರೆ: 'ತನ್ನ ವಯಸ್ಸಿನವರು'. ವೇಲ್ಸ್ ಕೂಡ ಗುಡ್ಡಗಾಡೇ, ಆದರೂ ಮಾಪಕ ಸಮತಟ್ಟನ್ನೇ ಆಧಾರ ಮಾಡಿಕೊಂಡಿತು, ಯಾಕಂದರೆ ಹೋಲಿಕೆಗೆ ಎಲ್ಲರಿಗೂ ಒಂದೇ ನೆಲ ಬೇಕು. ಆ ತರ್ಕ ಸರಿಯಾದದ್ದೇ. ಆದರೆ ದಿಬ್ಬದ ಮನೆಯಲ್ಲಿ ಬಾಳಿದ ಹೆಂಗಸಿಗೆ 'ಸಮತಟ್ಟಿನಲ್ಲಿ 100 ಮೀಟರ್' ಅನ್ನೋದು ಅನುಭವದಲ್ಲಿ ಇಲ್ಲದ ದೂರ. ಅವಳ ಅಳತೆ ತೋಡಿಗೆ ಇಳಿದು ಹತ್ತೋದು, ಕೊಟ್ಟಿಗೆಗೆ ಹೋಗಿ ಬರೋದು, ಒಂದು ಹೊರೆ ಸೌದೆ ತರೋದು.

ನಮ್ಮ ತಾಯಿಯ ತಾಯಿ ಬತ್ತೇರಿ ತಾಲ್ಲೂಕಿನವರು. ಅವರ ಉದಾಹರಣೆ ಇಲ್ಲಿ ಬೇಕಾಗಿದೆ. ಮೊದಲು ತೋಡಿಗೆ ಹೋಗೋದು ನಿಲ್ಲಿಸಿದರು. ಆಮೇಲೆ ಮೇಲಿನ ತೋಟಕ್ಕೆ. ಆಮೇಲೆ 'ಚಳಿ' ಅಂತ ಹಾಸಿಗೆಯನ್ನ ಹಿಂದಿನ ಕೋಣೆಯಿಂದ ಅಡುಗೆಮನೆ ಪಕ್ಕಕ್ಕೆ ತಂದುಕೊಂಡರು. ಯಾರು ಕೇಳಿದರೂ 'ಏದುಸಿರು ಏನಿಲ್ಲ' ಅನ್ನೋರು. ನಿಜವಾಗಿಯೂ ಇರಲಿಲ್ಲ, ಯಾಕಂದರೆ ಏದುಸಿರು ಬರಿಸೋ ಕೆಲಸವನ್ನೆಲ್ಲ ಒಂದೊಂದಾಗಿ ಬಿಟ್ಟಿದ್ದರು. ಒಬ್ಬ ವೈದ್ಯರು 'ವಯಸ್ಸಾಯ್ತಲ್ಲಮ್ಮಾ' ಅಂತ ಕೆಮ್ಮಿನ ಔಷಧಿ ಬರೆದುಕೊಟ್ಟರು. ಮೂರು ವರ್ಷ ಹಾಗೇ ಹೋಯ್ತು. ಆಮೇಲೆ ಇನ್ನೊಂದು ಕಡೆ ಊದಿಸಿ ನೋಡಿದಾಗ ಗೊತ್ತಾಯ್ತು. ಆ ಮೂರು ವರ್ಷದಲ್ಲಿ ಕಳೆದುಹೋದದ್ದು ಸಿಒಪಿಡಿಯಲ್ಲಿ ತಿರುಗಿ ಬರೋದಿಲ್ಲ.

ಇಲ್ಲಿ ಪ್ರಶ್ನಾವಳಿ ಕೇಳದೆ ಬಿಟ್ಟ ಪ್ರಶ್ನೆ ಯಾವುದು? 'ಏದುಸಿರು ಇದೆಯಾ?' ಅನ್ನೋದು ಈಗಿನ ಸ್ಥಿತಿಯನ್ನ ಕೇಳುತ್ತೆ. 'ಹೋದ ಸುಗ್ಗಿಗೆ ಮಾಡ್ತಿದ್ದ ಯಾವ ಕೆಲಸ ಈ ಸುಗ್ಗಿಗೆ ಬಿಟ್ಟಿದ್ದೀರಿ?' ಅಂತ ಕೇಳಿದರೆ ಕಥೆ ಹೊರಗೆ ಬರುತ್ತೆ. ಕಾಯಿಲೆ ಇರೋದು ಬಿಟ್ಟ ಕೆಲಸಗಳ ಪಟ್ಟಿಯಲ್ಲಿ. ವಿಮರ್ಶೆಯಲ್ಲಿ ನಾವು ಪಠ್ಯದ ಮೌನವನ್ನ ಓದಬೇಕು ಅಂತೀವಲ್ಲ, ಆ ಮಾತು ಇಲ್ಲಿ ಅಕ್ಷರಶಃ ನಿಜ.

ಇನ್ನು 'ತನ್ನ ವಯಸ್ಸಿನವರು'. ನೆರೆಮನೆಯ ಅಜ್ಜಿಯೂ ಐವತ್ತು ವರ್ಷ ಸೌದೆ ಒಲೆ ಮುಂದೆ ಕೂತವಳು, ಅವಳೂ ಹತ್ತು ಹೆಜ್ಜೆಗೆ ನಿಲ್ಲುವವಳು. ಅವಳ ಜೊತೆ ಹೋಲಿಸಿಕೊಂಡು 'ನಾನು ಎಲ್ಲರ ಥರಾನೇ ಇದ್ದೀನಿ' ಅಂದರೆ ಮಾಪಕದಲ್ಲಿ ಅದು ಆರೋಗ್ಯ. ಇಡೀ ಕೇರಿಯ ಉಸಿರೇ ಕುಗ್ಗಿದ್ದರೆ, ಕುಗ್ಗಿದ್ದು ಯಾರ ಕಣ್ಣಿಗೂ ಬೀಳೋದಿಲ್ಲ.

4. ಎರಡನೆಯ ಪಠ್ಯ: 'ಊದಿ' ಎಂಬ ಆಜ್ಞೆ

ಸ್ಪೈರೊಮೆಟ್ರಿ ಏನು ಮಾಡುತ್ತೆ ಅಂತ ಚಿಕ್ಕದಾಗಿ ಹೇಳ್ತೀನಿ. ನೆಟ್ಟಗೆ ಕೂತು, ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬಾ ಉಸಿರು ತುಂಬಿಕೊಂಡು, ತುಟಿಯನ್ನ ಕೊಳವೆಗೆ ಬಿಗಿಯಾಗಿ ಮುಚ್ಚಿ, ಒಮ್ಮೆಲೇ ರಭಸದಿಂದ ಹೊರಗೆ ಬಿಡಬೇಕು. ಬಿಟ್ಟದ್ದನ್ನ ಎದೆ ಪೂರ್ತಿ ಖಾಲಿಯಾಗೋವರೆಗೂ ನಿಲ್ಲಿಸಬಾರದು. ಹಲವು ಸೆಕೆಂಡು ಹಾಗೇ ಬಿಡುತ್ತಾ ಇರಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಎಫ್‌ಇವಿ1. ಒಟ್ಟು ಹೊರಬಂದದ್ದು ಎಫ್‌ವಿಸಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿದರೆ ಬರೋ ಅನುಪಾತವೇ ಮುಖ್ಯ. ಶ್ವಾಸನಾಳ ಕಿರಿದಾಗಿದ್ದರೆ ಗಾಳಿ ನಿಧಾನ ಬರುತ್ತೆ, ಅನುಪಾತ ಇಳಿಯುತ್ತೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟು ಸುಮಾರು ಕಾಲು ಗಂಟೆ ಬಿಟ್ಟು ಮತ್ತೆ ಊದಿಸ್ತಾರೆ. ಆಗಲೂ ಇಳಿದೇ ಇದ್ದರೆ ಸಿಒಪಿಡಿಯ ಕಡೆ ಬೆರಳು. ಕನಿಷ್ಠ ಮೂರು ಸಲ ಸರಿಯಾದ ಊದು ಬೇಕು.

ರಕ್ತದ ಪರೀಕ್ಷೆಗೆ ಕೈ ಚಾಚಿ ಸುಮ್ಮನಿದ್ದರೆ ಸಾಕು. ಉಸಿರಿನ ಪರೀಕ್ಷೆಗೆ ಹಾಗಲ್ಲ, ರೋಗಿ ಅಭಿನಯಿಸಬೇಕು. ಪಕ್ಕದಲ್ಲಿ ನಿಂತವರು ನಿರ್ದೇಶಿಸಬೇಕು. ಅಂದರೆ ಇದೊಂದು ರಂಗಕೃತಿ. ಸೂಚನೆ ಅರ್ಥವಾಗದಿದ್ದರೆ ಫಲಿತಾಂಶವೇ ಕೆಡುತ್ತೆ. ಸೂಚನೆಯ ಕೇಂದ್ರದಲ್ಲಿ ಒಂದು ಕ್ರಿಯಾಪದ ಇದೆ: ಊದಿ. ಮಲಯಾಳಂನಲ್ಲೂ ಅದೇ ಬೇರು, ಹೀಗಾಗಿ ಭಾಷೆಯ ತೊಂದರೆ ಇಲ್ಲ ಅಂತ ಯಾರಿಗಾದರೂ ಅನ್ನಿಸಬಹುದು.

ಆದರೆ ಈ ಅಜ್ಜಿಯರ ಬದುಕಿನಲ್ಲಿ 'ಊದು' ಅಂದರೆ ಏನು? ಒಲೆ ಊದೋದು. ಊದುಗೊಳವೆ ಅನ್ನೋ ವಸ್ತು ಅವರ ಕೈಯಲ್ಲಿ ಐವತ್ತು ವರ್ಷ ಇತ್ತು. ಒಲೆ ಊದುವವರು ಎಂದಾದರೂ ಒಮ್ಮೆಲೇ ರಭಸದಿಂದ ಊದ್ತಾರಾ? ಊದಿದರೆ ಬೂದಿ ಮುಖಕ್ಕೆ ಹಾರುತ್ತೆ, ಕೆಂಡ ಚೆಲ್ಲುತ್ತೆ. ಒಲೆ ಊದೋದು ಸಣ್ಣಗೆ, ತುಟಿ ಚೂಪು ಮಾಡಿ, ಬಿಟ್ಟು ಬಿಟ್ಟು. ಅದೊಂದು ಕಲಿತ ಕೌಶಲ. ಈಗ ಕೈಗೆ ಮತ್ತೊಂದು ಕೊಳವೆ ಕೊಟ್ಟು 'ಊದಿ' ಅಂದರೆ, ದೇಹ ತನಗೆ ಗೊತ್ತಿರುವ ಊದನ್ನೇ ಊದುತ್ತೆ. ತುಟಿ ಚೂಪಾಗುತ್ತೆ, ಗಾಳಿ ಸಣ್ಣಗೆ ಬರುತ್ತೆ, ಎರಡು ಸೆಕೆಂಡಿಗೆ ನಿಲ್ಲುತ್ತೆ.

ಇದರ ಪರಿಣಾಮ ಬರೀ ಭಾಷೆಯದ್ದಲ್ಲ. ಶುರುವಿನ ರಭಸ ಕಡಿಮೆಯಾದರೆ ಎಫ್‌ಇವಿ1 ಇಳಿದು, ಇಲ್ಲದ ಅಡಚಣೆ ಇದ್ದ ಹಾಗೆ ಕಾಣಬಹುದು. ಬೇಗ ನಿಲ್ಲಿಸಿದರೆ ಎಫ್‌ವಿಸಿ ಕಡಿಮೆ ದಾಖಲಾಗುತ್ತೆ; ಭಾಜಕ ಚಿಕ್ಕದಾದರೆ ಅನುಪಾತ ಏರುತ್ತೆ; ಇರುವ ಕಾಯಿಲೆ ಮುಚ್ಚಿಹೋಗುತ್ತೆ. ಇನ್ನೂ ಒಂದು ವಿಚಿತ್ರ ನೋಡಿ. ಸಿಒಪಿಡಿ ಇರುವವರಿಗೆ ಏದುಸಿರು ಬಂದಾಗ ತುಟಿ ಚೂಪು ಮಾಡಿ ನಿಧಾನ ಉಸಿರು ಬಿಡೋದನ್ನ ಚಿಕಿತ್ಸೆಯಾಗಿ ಕಲಿಸ್ತಾರೆ. ಆ ಅಜ್ಜಿಗೆ ಅದು ಆಗಲೇ ಬರುತ್ತೆ. ಕಾಯಿಲೆ ಕೊಟ್ಟ ಒಲೆಯೇ ಆ ವ್ಯಾಯಾಮವನ್ನೂ ಕಲಿಸಿತ್ತು.

ಹಾಗಾದರೆ ಪರ್ಯಾಯ ಕ್ರಿಯಾಪದ ಯಾವುದು? 'ತಳ್ಳಿ', 'ಒಂದೇ ಏಟಿಗೆ ಹೊರಗೆ ಹಾಕಿ', 'ಬಾಯಲ್ಲಿರೋದನ್ನ ಉಫ್ ಅಂತ ದೂರಕ್ಕೆ ಹಾರಿಸಿ, ಆಮೇಲೆ ಹಿಂಡಿ ಹಿಂಡಿ ಖಾಲಿ ಮಾಡಿ'. ಬಟ್ಟೆ ಹಿಂಡೋ 'ಹಿಂಡು' ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ನನಗನ್ನಿಸುತ್ತೆ, ಯಾಕಂದರೆ ನೀರು ಮುಗಿದಂತೆ ಕಂಡಮೇಲೂ ಇನ್ನೊಂದು ಸುತ್ತು ಹಿಂಡೋದು ಎಲ್ಲರಿಗೂ ಗೊತ್ತು. ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ'ಯಲ್ಲಿ ನಂಜನಗೂಡಿನ ಕಡೆಯ ಆಡುಮಾತಿಗೆ ಕಾದಂಬರಿಯನ್ನ ಒಪ್ಪಿಸಿದಾಗ, ಶಿಷ್ಟ ಕನ್ನಡದಲ್ಲಿ ಹೇಳಲಾಗದ್ದು ಆ ಮಾತಿನಲ್ಲಿ ಇದೆ ಅಂತ ನಮಗೆಲ್ಲ ತಿಳೀತು. ಸೂಚನೆಯ ಅನುವಾದಕ್ಕೂ ಅದೇ ಪಾಠ. 'ಬಲವಂತವಾಗಿ ನಿಶ್ವಾಸ ಮಾಡಿರಿ' ಅನ್ನೋದು ಕನ್ನಡವೇ, ಆದರೆ ಯಾರ ಎದೆಗೂ ಇಳಿಯದ ಕನ್ನಡ.

ವಯಸ್ಸಾದವರಿಗೆ ಇದರ ಜೊತೆ ಬೇರೆ ಕಷ್ಟಗಳೂ ಇವೆ. ಹಲ್ಲಿಲ್ಲದ ಬಾಯಿ ಕೊಳವೆಯನ್ನ ಬಿಗಿಯಾಗಿ ಹಿಡಿಯೋದಿಲ್ಲ. ಕಿವಿ ಮಂದ. ಮರೆವಿದ್ದರೆ ಸೂಚನೆಯ ಅರ್ಧ ನೆನಪಿರುತ್ತೆ, ಅರ್ಧ ಹೋಗುತ್ತೆ. ಪೂರ್ತಿ ಖಾಲಿಯಾಗೋವರೆಗೆ ಊದಲಾಗದವರಿಗೆ ಆರು ಸೆಕೆಂಡಿನ ಲೆಕ್ಕವನ್ನೇ ಹಿಡಿಯುವ ಪದ್ಧತಿಯೂ ಇದೆ. ಹಾಗಂತ ವಯಸ್ಸಾದವರಿಗೆ ಈ ಪರೀಕ್ಷೆ ಆಗೋದಿಲ್ಲ ಅಂತ ಕೈಬಿಡಬೇಕಿಲ್ಲ. ತಾಳ್ಮೆಯಿಂದ ಮಾಡಿಸಿದರೆ ಬಹಳ ಮಂದಿ ಮಾಡ್ತಾರೆ.

5. ಮೂರನೆಯ ಪಠ್ಯ: ವರದಿ ಮತ್ತು ಅದರ ಉಪಮೆ

ಈಗ ಮುದ್ರಿತ ವರದಿ. ಅದರಲ್ಲಿ ಒಂದು ಕಾಲಂ ರೋಗಿ ಊದಿದ್ದು, ಇನ್ನೊಂದು ಕಾಲಂ 'ನಿರೀಕ್ಷಿತ', ಮೂರನೆಯದು ಅವೆರಡರ ಶೇಕಡಾ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದು ಶುದ್ಧ ಉಪಮೆ. 'ಕವಿರಾಜಮಾರ್ಗ'ದ ಕಾಲದಿಂದ ನಾವು ಓದಿಕೊಂಡು ಬಂದ ನಾಲ್ಕು ಅಂಗಗಳೂ ಇಲ್ಲಿವೆ. ರೋಗಿಯ ಉಸಿರು ಉಪಮೇಯ. ನಿರೀಕ್ಷಿತ ಉಸಿರು ಉಪಮಾನ. ಗಾಳಿಯ ಪ್ರಮಾಣ ಸಮಾನಧರ್ಮ. ಶೇಕಡಾ ಚಿಹ್ನೆ ಉಪಮಾವಾಚಕ. ಒಳ್ಳೆಯ ವಿಮರ್ಶಕ ಯಾವುದೇ ಉಪಮೆಯನ್ನ ಕಂಡಾಗ ಕೇಳೋ ಪ್ರಶ್ನೆ: ಈ ಉಪಮಾನ ಎಲ್ಲಿಂದ ಬಂತು?

ಉಪಮಾನಕ್ಕೆ ಒಂದು ಚರಿತ್ರೆ ಇದೆ. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನ ಅಳೆದು ಪ್ರಕಟಿಸಿದ. ನಾವಿಕರು, ಪೊಲೀಸರು, ಬೆಂಕಿ ಆರಿಸುವವರು, ಕುಸ್ತಿಯವರು ಹೀಗೆ. ಎತ್ತರ ಹೆಚ್ಚಿದಂತೆ ಉಸಿರಿನ ಪ್ರಮಾಣ ಹೆಚ್ಚುತ್ತೆ, ವಯಸ್ಸಾದಂತೆ ಇಳಿಯುತ್ತೆ ಅಂತ ತೋರಿಸಿದ. ಇಂದಿಗೂ ಯಂತ್ರಕ್ಕೆ ಕೊಡುವ ವಿವರ ಅವೇ: ವಯಸ್ಸು, ಎತ್ತರ, ಲಿಂಗ. ಬಹಳ ಕಾಲ ನಾಲ್ಕನೆಯದೊಂದು ಸೇರಿತ್ತು: ಜನಾಂಗ. ಅದರ ಚರಿತ್ರೆಯನ್ನ ಲಂಡಿ ಬ್ರೌನ್ 2014ರ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಅಮೆರಿಕದ ಗುಲಾಮಗಿರಿಯ ಕಾಲದ ನಂಬಿಕೆಗಳು ಯಂತ್ರದ 'ತಿದ್ದುಪಡಿ'ಯಾಗಿ ಹೇಗೆ ಉಳಿದುಕೊಂಡವು ಅನ್ನೋದು ಅದರ ತಿರುಳು.

ಆ ತಿದ್ದುಪಡಿ ನಮ್ಮಲ್ಲಿ ಏನು ಮಾಡುತ್ತೆ ಅಂತ ಒಂದು ಲೆಕ್ಕ ಹಾಕೋಣ. ಇದು ಬರೀ ಲೆಕ್ಕ, ಯಾರದೋ ವರದಿಯಲ್ಲ. ಒಬ್ಬ ಅಜ್ಜಿಯ ಎಫ್‌ಇವಿ1 0.80 ಲೀಟರ್. ಯುರೋಪಿನವರ ಸೂತ್ರದಲ್ಲಿ ನಿರೀಕ್ಷಿತ 1.65 ಲೀಟರ್ ಬಂತು ಅಂತಿಟ್ಟುಕೊಳ್ಳಿ. ಶೇಕಡಾ ಸುಮಾರು 48, ತೀವ್ರ ಹಂತ. 'ಏಷ್ಯಾದವರಿಗೆ' ಅಂತ ಶೇ 10 ಕಡಿತ ಮಾಡಿದರೆ ನಿರೀಕ್ಷಿತ 1.485. ಈಗ ಶೇಕಡಾ ಸುಮಾರು 54, ಮಧ್ಯಮ ಹಂತ. ಅಜ್ಜಿ ಬದಲಾಗಿಲ್ಲ, ಉಸಿರು ಬದಲಾಗಿಲ್ಲ, ಉಪಮಾನ ಬದಲಾಯ್ತು. 2012ರ ಜಾಗತಿಕ ಸೂತ್ರಗಳು 3ರಿಂದ 95 ವರ್ಷದವರೆಗೆ ಬಂದವು, ಆದರೆ ಅದರ ಗುಂಪುಗಳಲ್ಲಿ ಭಾರತ ಉಪಖಂಡಕ್ಕೆ ಅಂತ ಒಂದು ಗುಂಪೇ ಇರಲಿಲ್ಲ. ಈಚೆಗೆ ಜನಾಂಗವನ್ನ ಬಿಟ್ಟ ಹೊಸ ಸೂತ್ರ ಬಂದಿದೆ. 2023ರಲ್ಲಿ ಅಮೆರಿಕದ ಶ್ವಾಸಕೋಶ ತಜ್ಞರ ಸಂಘ ಅದನ್ನೇ ಬಳಸಿ ಅಂತ ಹೇಳಿದೆ.

ಇಲ್ಲೊಂದು ಇಕ್ಕಟ್ಟು ಇದೆ. 'ನಮ್ಮವರಿಗೆ ನಮ್ಮದೇ ಉಪಮಾನ ಬೇಕು' ಅನ್ನೋದು ಕೇಳಲಿಕ್ಕೆ ಚೆನ್ನಾಗಿದೆ, ನನಗೂ ಮೊದಲ ಓದಿಗೆ ಹಿಡಿಸುತ್ತೆ. ಆದರೆ ನಮ್ಮವರು ಅಂತ ಅಳೆದವರೇ ಹೊಗೆ ಕುಡಿದು ಬೆಳೆದವರಾಗಿದ್ದರೆ, ಬಾಲ್ಯದಲ್ಲಿ ಅರೆಹೊಟ್ಟೆ ಉಂಡವರಾಗಿದ್ದರೆ, ಅವರ ಕುಗ್ಗಿದ ಉಸಿರೇ 'ಸಹಜ' ಅಂತ ಸೂತ್ರದೊಳಗೆ ಸೇರಿಬಿಡುತ್ತೆ. ನೆರೆಮನೆಯ ಅಜ್ಜಿಯ ಜೊತೆ ಹೋಲಿಸಿಕೊಂಡ ಕಥೆಯೇ ಇಲ್ಲಿ ಅಂಕಿಯ ವೇಷದಲ್ಲಿ ಬರುತ್ತೆ. ದೂರದ ಉಪಮಾನ ಅನ್ಯಾಯ ಮಾಡಬಹುದು, ಹತ್ತಿರದ ಉಪಮಾನ ಅನ್ಯಾಯವನ್ನ ಮುಚ್ಚಬಹುದು. ದೇಸಿ ಅಂದ ತಕ್ಷಣ ಸರಿ ಅಂತ ನಾವು ಸಾಹಿತ್ಯದಲ್ಲೂ ಒಪ್ಪೋದಿಲ್ಲವಲ್ಲ.

6. 0.70 ಎಂಬ ಗೆರೆ, ಮತ್ತು ಎರಡು ಥರದ 'ವಯಸ್ಸು'

ಗೋಲ್ಡ್ ಅನ್ನೋ ಅಂತಾರಾಷ್ಟ್ರೀಯ ಮಾರ್ಗಸೂಚಿ 2001ರಲ್ಲಿ ಮೊದಲು ಬಂದಾಗ ಒಂದು ಗೆರೆ ಎಳೀತು: ಔಷಧಿ ಕೊಟ್ಟ ಮೇಲೂ ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ಅಡಚಣೆ ಇದೆ. ಮೂವತ್ತರವರಿಗೂ ಎಂಬತ್ತರವರಿಗೂ ಒಂದೇ ಗೆರೆ. ಆದರೆ ಆರೋಗ್ಯವಾಗಿರುವವರಲ್ಲೂ ಈ ಅನುಪಾತ ವಯಸ್ಸಿನ ಜೊತೆ ಇಳಿಯುತ್ತೆ. ನಾರ್ವೆಯ ಬರ್ಗೆನ್‌ನಲ್ಲಿ 70 ದಾಟಿದ, ಎಂದೂ ಧೂಮಪಾನ ಮಾಡದ, ಯಾವ ತೊಂದರೆಯೂ ಇಲ್ಲದವರನ್ನ ಪರೀಕ್ಷಿಸಿದ ಅಧ್ಯಯನ 2002ರಲ್ಲಿ ಬಂತು. ಅವರಲ್ಲಿ ಸುಮಾರು ಶೇ 35 ಮಂದಿ 0.70ರ ಕೆಳಗಿದ್ದರು. ಇದಕ್ಕೆ ಪರ್ಯಾಯವಾಗಿ ವಯಸ್ಸಿಗೆ ತಕ್ಕಂತೆ ಇಳಿಯುವ ಗೆರೆ ಬೇಕು, ಆರೋಗ್ಯವಂತರಲ್ಲಿ ಕೆಳಗಿನ ಶೇ 5 ಮಂದಿಯ ಮಟ್ಟವನ್ನ ಕನಿಷ್ಠ ಅಂತ ಹಿಡಿಯಬೇಕು ಅಂತ ಒಂದು ಪಕ್ಷ ವಾದಿಸುತ್ತೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. 0.70 ಅನ್ನೋದಕ್ಕೆ ಯಾವ ಸೂತ್ರವೂ ಬೇಡ, ಸಣ್ಣ ಆರೋಗ್ಯ ಕೇಂದ್ರದಲ್ಲೂ ನೆನಪಿಟ್ಟುಕೊಳ್ಳಬಹುದು. 2019ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ, ಸುಮಾರು 24,000 ಅಮೆರಿಕನ್ನರ ಮಾಹಿತಿ ಆಧರಿಸಿದ ಅಧ್ಯಯನ, ಮುಂದೆ ಆಸ್ಪತ್ರೆ ಸೇರುವವರನ್ನ ಮತ್ತು ಸಾಯುವವರನ್ನ ಊಹಿಸಲು 0.70 ಬೇರೆ ಗೆರೆಗಳಿಗಿಂತ ಕಡಿಮೆಯೇನಲ್ಲ ಅಂತ ಕಂಡುಕೊಂಡಿತು. ಜಗಳ ಇನ್ನೂ ಮುಗಿದಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಈ ಎರಡು ತಪ್ಪುಗಳು ಎದುರುಬದುರಾಗಿ ನಿಂತಿರೋದು. ಬಾಯಿಮಾತಿನ 'ವಯಸ್ಸಾಯ್ತಲ್ಲ' ಕಾಯಿಲೆಯನ್ನ ಮುಪ್ಪು ಅಂತ ಓದುತ್ತೆ. ವಯಸ್ಸನ್ನ ಲೆಕ್ಕಕ್ಕೆ ಹಿಡಿಯದ ಗೆರೆ ಮುಪ್ಪನ್ನ ಕಾಯಿಲೆ ಅಂತ ಓದಬಹುದು. ಮೊದಲನೆಯದರಿಂದ ಅಜ್ಜಿಗೆ ಸಿಗಬೇಕಾದ ಇನ್ಹೇಲರ್ ಸಿಗೋದಿಲ್ಲ; ಎರಡನೆಯದರಿಂದ ಬೇಡದ ಇನ್ಹೇಲರ್ ಸಿಗುತ್ತೆ, ಏದುಸಿರಿಗೆ ನಿಜವಾದ ಕಾರಣ ಹೃದಯವೋ ರಕ್ತಹೀನತೆಯೋ ಆಗಿದ್ದರೆ ಅದು ಹಿಂದೆ ಉಳಿಯುತ್ತೆ. ಕುಡಗೋಲು ಕಣ ರಕ್ತಹೀನತೆ ಇರುವ ವಯನಾಡಿನಂಥ ಕಡೆ ಈ ಎಚ್ಚರ ಇನ್ನೂ ಬೇಕು.

ಇದರ ಮೇಲೆ ಇನ್ನೊಂದು ತೊಡಕು: ಯಂತ್ರ ಕೇಳುವ ವಯಸ್ಸು ಯಾವುದು? ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ವರ್ಷ ಅಂದಾಜು. ದೊಡ್ಡವರಲ್ಲಿ ಎಫ್‌ಇವಿ1 ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್ ಇಳಿಯುತ್ತೆ ಅನ್ನೋದು ಸಾಮಾನ್ಯ ಲೆಕ್ಕ. ಕಾರ್ಡಿನಲ್ಲಿ ಹತ್ತು ವರ್ಷ ಆಚೀಚೆ ಆಗಿದ್ದರೆ ನಿರೀಕ್ಷಿತ ಉಸಿರು ಕಾಲು ಲೀಟರಿನಷ್ಟು ಆಚೀಚೆ. ಬೆನ್ನು ಬಾಗಿದವರ ಎತ್ತರಕ್ಕೆ ಬದಲಾಗಿ ಎರಡೂ ಕೈ ಚಾಚಿಸಿ ಅಳೆಯುವ ದಾರಿ ಇದೆ. ವಯಸ್ಸಿಗೆ ಅಂಥ ಅಳತೆ ಇಲ್ಲ. ಇರೋದು ನೆನಪು: ಯಾವ ಬರಗಾಲ, ಯಾವ ಹಬ್ಬ, ಮೊದಲ ಮಗು ಹುಟ್ಟಿದಾಗ ಯಾರು ಬದುಕಿದ್ದರು. ಅಂದರೆ ಮತ್ತೆ ಮಾತು, ಮತ್ತೆ ಕಥೆ. ಅತ್ಯಂತ ನಿಖರ ಅಂತ ನಾವು ನಂಬುವ ದಶಾಂಶದ ಕೆಳಗೆ ಒಂದು ಮೌಖಿಕ ಚರಿತ್ರೆ ಕೂತಿದೆ.

7. ಉಪಸಂಹಾರ

ಇಷ್ಟೆಲ್ಲ ಹೇಳಿದ್ದರಿಂದ ಯಂತ್ರ ಬೇಡ ಅನ್ನೋ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. 'ವಯಸ್ಸಾಯ್ತಲ್ಲ' ಅನ್ನೋ ಕಥೆಯನ್ನ ಒಡೆಯೋ ಶಕ್ತಿ ಇರೋದು ಅದೇ ಯಂತ್ರಕ್ಕೆ. ಕೇರಳ ಸರ್ಕಾರ 2017ರಲ್ಲಿ ಶುರುವಾದ ಆರ್ದ್ರಂ ಮಿಷನ್ ಜೊತೆಗೆ 'ಶ್ವಾಸ್' ಅನ್ನೋ ಕಾರ್ಯಕ್ರಮದಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳ ಮಟ್ಟಕ್ಕೆ ಸ್ಪೈರೊಮೆಟ್ರಿಯನ್ನ ತರಲು ಹೊರಟಿದ್ದು ದೊಡ್ಡ ಹೆಜ್ಜೆ. ಪರೀಕ್ಷೆ ಮನೆ ಹತ್ತಿರ ಬಂದಾಗ ಅದರ ಮಾತೂ ಮನೆಯ ಮಾತಾಗಬೇಕು ಅನ್ನೋದಷ್ಟೇ ನನ್ನ ವಾದ. ಬಿಟ್ಟ ಕೆಲಸಗಳ ಬಗ್ಗೆ ಕೇಳುವ ಪ್ರಶ್ನೆ, ಒಲೆಯ ಊದಿಗಿಂತ ಬೇರೆಯಾದ ಕ್ರಿಯಾಪದ, ಉಪಮಾನ ಯಾರು ಅಂತ ವರದಿಯ ಮೇಲೇ ಒಂದು ಸಾಲು: ಇವು ಹೆಚ್ಚು ಖರ್ಚಿನ ಬಾಬತ್ತಲ್ಲ.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರು): ಪ್ರಬಂಧ ಚೆನ್ನಾಗಿದೆ. ಆದರೆ ಉಪಮೆಯನ್ನ ಇಲ್ಲಿ ತಂದಿರೋದು ಬರೀ ಅಲಂಕಾರಕ್ಕಾ? ಅಂಕಿ ಅಂಶದ ವಿಮರ್ಶೆಯನ್ನ ಉಪಮೆ ಇಲ್ಲದೆಯೂ ಮಾಡಬಹುದಿತ್ತಲ್ಲ?

ಉತ್ತರ: ಮಾಡಬಹುದಿತ್ತು ಸರ್. ಆದರೆ 'ನಾರ್ಮಲ್' ಅನ್ನೋ ಪದ ಹೋಲಿಕೆಯನ್ನ ಮರೆಸುತ್ತೆ. ಅದು ವಸ್ತುವಿನಲ್ಲೇ ಇರೋ ಗುಣ ಅನ್ನೋ ಥರ ಕೇಳುತ್ತೆ. 'ಉಪಮಾನ' ಅಂದ ತಕ್ಷಣ ಅಲ್ಲಿ ಯಾರೋ ಆರಿಸಿದ್ದಾರೆ ಅನ್ನೋದು ನೆನಪಾಗುತ್ತೆ. ಮುಖಕ್ಕೆ ಚಂದ್ರನನ್ನ ಕವಿ ಆರಿಸಿದ ಹಾಗೆ. ನಮ್ಮ ಪರಿಭಾಷೆ ಈ ಒಂದು ಕೆಲಸಕ್ಕೆ ಉಪಯೋಗ ಅಂತ ತೆಗೆದುಕೊಂಡೆ.

ಪ್ರಶ್ನೆ (ಸಹಪಾಠಿ): ಒಲೆಯ ಊದಿನ ಮಾತು ಒಪ್ಪಿದೆ. ಆದರೆ ಕಾಟ್ಟುನಾಯಕರ ನುಡಿಯನ್ನ ಕನ್ನಡದ ಜೊತೆ ಸೇರಿಸಿ ಮಾತಾಡೋದು, ಅವರ ಭಾಷೆಯನ್ನ ನಾವು ನುಂಗಿದ ಹಾಗಲ್ವಾ?

ಉತ್ತರ: ಆ ಅಪಾಯ ಇದೆ. ಹತ್ತಿರದ್ದು ಅಂದರೆ ನಮ್ಮದು ಅಂತಲ್ಲ. ನನ್ನ ಪದಗಳ ಉದಾಹರಣೆಗಳೆಲ್ಲ ಕನ್ನಡ ಮತ್ತು ಮಲಯಾಳಂನದ್ದು. ಅವರ ಮಾತಿನಲ್ಲಿ ಏದುಸಿರಿಗೆ ಏನಂತಾರೆ, ಊದೋದಕ್ಕೆ ಎಷ್ಟು ಕ್ರಿಯಾಪದ ಇವೆ ಅನ್ನೋದನ್ನ ಆ ನುಡಿಯವರೇ ಹೇಳಬೇಕು. ಸೂಚನೆ ಬರೆಯುವ ಮೇಜಿನ ಸುತ್ತ ಅವರು ಕೂತಿರಬೇಕು ಅನ್ನೋದು ನನ್ನ ವಾದದ ಮುಂದುವರಿಕೆಯೇ.

ಪ್ರಶ್ನೆ (ಚಾಟ್‌ನಿಂದ): ನಿಮ್ಮ ಅಜ್ಜಿ ಈಗ ಹೇಗಿದ್ದಾರೆ?

ಉತ್ತರ: ಇನ್ಹೇಲರ್ ತಗೋತಿದ್ದಾರೆ. ಮನೆಗೆ ಗ್ಯಾಸ್ ಬಂದಿದೆ, ಆದರೆ ಸ್ನಾನದ ನೀರಿಗೆ ಇನ್ನೂ ಸೌದೆನೇ. ಅದನ್ನ ನಿಲ್ಲಿಸೋ ಬಗ್ಗೆ ಮನೇಲಿ ದಿನಾ ಜಗಳ ನಡೀತಿದೆ.